ಕರಿಮನೆಯ ಒಂಟೆ

ನಮ್ಮ ಊರಿನಲ್ಲಿ ಚದುರಂಗದಲ್ಲಿ ಸೋತವರ ನಾಲಿಗೆಯಿಂದ ರುಚಿ ಹೋಗುತ್ತದೆ. ಕಟ್ಟೆಯ ಮೇಲೆ ಕೂತು ಆಡುವ ಆಟವಾದರೆ ಒಂದು ಹೊತ್ತಿನ ರುಚಿ, ಪಂದ್ಯದ ಮೊದಲ ಸುತ್ತುಗಳಲ್ಲಾದರೆ ಎಂಟು ದಿನದ್ದು, ಶೀಗಿ ಹುಣ್ಣಿಮೆಯ ಮರುದಿನ ಚಾವಡಿಯಲ್ಲಿ ನಡೆಯುವ ಕೊನೆಯ ಆಟದಲ್ಲಾದರೆ ಇಡೀ ವರ್ಷದ್ದು. ಮುಂದಿನ ವರ್ಷ ಕೊನೆಯ ಆಟದ ದಿನ ಬೆಳಗಾಗುವಾಗ ಅದು ತಾನಾಗಿ ಮರಳಿ ಬರುತ್ತದೆ. ಪರಊರಿನವರು ಇದನ್ನು ಕೇಳಿ ಬಾಯಿ ಬಿಟ್ಟು ಕೂಡುತ್ತಾರೆ, ನಮಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಮಕ್ಕಳಿಗೆ ಹರಳೆಣ್ಣೆ ಕುಡಿಸುವ ಮೊದಲು ತಾಯಂದಿರು ಅವರ ಜೊತೆ ಒಂದು ಆಟ ಆಡಿ ಸೋಲಿಸುತ್ತಾರೆ. ಅಡಿಗೆ ಸರಿಯಾಗಿ ಬಾರದ ಹೊಸ ಸೊಸೆ "ಒಂದ ಆಟ ಆಡೂಣೇನ್ರಿ ಅತ್ತಿ" ಎಂದು ಮಣೆ ತಂದಿಟ್ಟರೆ, ಅತ್ತೆ ಮೊದಲು ಒಲೆಯ ಮೇಲಿನ ಪಾತ್ರೆಯ ಕಡೆ ನೋಡಿ ಆಮೇಲೆ ಉತ್ತರ ಕೊಡುತ್ತಾಳೆ.

ನಾನು ನೀಲಗಂಗಾ. ಚಾವಡಿಯ ಹಿಂದಿನ ಓಣಿಯಲ್ಲಿ ನನ್ನ ಖಾನಾವಳಿ ಇದೆ. ಎರಡೂ ಹೊತ್ತು ಸೇರಿ ದಿನಕ್ಕೆ ನೂರು ಜನ ಉಣ್ಣುತ್ತಾರೆ. ನಾನು ಮಾಡುವ ಹುಳಿಸೊಪ್ಪಿನ ಪುಂಡಿಪಲ್ಲೆ ತಿನ್ನಲಿಕ್ಕೆಂದೇ ಎರಡು ಊರು ದಾಟಿ ಬರುವವರಿದ್ದಾರೆ. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ, ವಿನಯ ನನಗೆ ಒಗ್ಗಿ ಬಂದದ್ದಲ್ಲ. ನನ್ನ ಇನ್ನೊಂದು ಜಂಬವೆಂದರೆ ಚದುರಂಗ. ಕೊನೆಯ ಆಟವನ್ನು ಸತತ ನಾಲ್ಕು ವರ್ಷ ಗೆದ್ದವಳು ನಾನು. ಚಾವಡಿಯ ಗೋಡೆಯ ಮೇಲೆ ಗೆದ್ದವರ ಹೆಸರನ್ನು ವರ್ಷ ವರ್ಷ ಒಂದರ ಕೆಳಗೊಂದು ಬರೆಯುತ್ತಾರೆ. ಕೆಳಗಿನ ನಾಲ್ಕೂ ನನ್ನವು. ಸೋತವರ ಹೆಸರು ಬರೆಯುವ ಪದ್ಧತಿ ಇಲ್ಲ. ಇದ್ದಿದ್ದರೆ ಆ ನಾಲ್ಕರ ಪಕ್ಕದಲ್ಲೂ ಸೋಮಲಿಂಗಪ್ಪ ಮಾಸ್ತರರ ಹೆಸರೇ ಇರುತ್ತಿತ್ತು.

ಮಾಸ್ತರರು ಶಾಲೆಯಲ್ಲಿ ನನಗೆ ಲೆಕ್ಕ ಕಲಿಸಿದವರು. ಲೆಕ್ಕ ನನ್ನ ತಲೆಗೆ ಹತ್ತದ್ದನ್ನು ಕಂಡು, "ನಿನಗ ಕೂಡಿಸೋದ ಬರೂದಿಲ್ಲ, ಹೊಡಿಯೋದ ಬರ್ತೈತಿ" ಎಂದು ಚದುರಂಗದ ಮಣೆಯ ಮುಂದೆ ಕೂಡಿಸಿದರು. ಆನೆ ನೆಟ್ಟಗೆ ನಡೆಯುತ್ತದೆ, ಒಂಟೆ ಓರೆಯಾಗಿ ನಡೆಯುತ್ತದೆ ಎಂಬಲ್ಲಿಂದ ಹಿಡಿದು ಎಲ್ಲವೂ ಅವರು ಕಲಿಸಿದ್ದೇ. ಊರಿನಲ್ಲಿ ಉಳಿದ ಎಲ್ಲರನ್ನೂ ಅವರು ಈಗಲೂ ಮಕ್ಕಳಾಟ ಆಡಿದಂತೆ ಸೋಲಿಸುತ್ತಾರೆ. ನನ್ನ ಎದುರು ಮಾತ್ರ ಸೋಲುತ್ತಾರೆ. ಮೊದಲನೆಯ ಸಲ ಅವರನ್ನು ಸೋಲಿಸಿದ ದಿನ ನಾನು ಓಣಿಗೆಲ್ಲ ಹೋಳಿಗೆ ಹಂಚಿದೆ. ಅವರ ಮನೆಗೂ ಎರಡು ಕಳಿಸಿದೆ. ಅವರ ಬಾಯಿಗೆ ಅದು ಹಿಟ್ಟಿನ ಉಂಡೆಯಾಗಿತ್ತು ಎಂಬುದು ಆಗ ನನಗೆ ಹೊಳೆಯಲೇ ಇಲ್ಲ. ಅಂದಿನಿಂದ ಈಚೆಗೆ ಆ ಮನುಷ್ಯ ರುಚಿ ಕಂಡು ತಿಂದದ್ದು ಬರೀ ಮೂರು ನಾಷ್ಟಾ. ಆಟದ ದಿನ ಬೆಳಿಗ್ಗೆ ರುಚಿ ಬರುತ್ತದೆ, ನಾಷ್ಟಾ ತಿನ್ನುತ್ತಾರೆ, ಹತ್ತು ಗಂಟೆಗೆ ಬಂದು ನನ್ನ ಎದುರು ಕೂಡುತ್ತಾರೆ, ಸಂಜೆಗೆ ಮತ್ತೆ ಕಳೆದುಕೊಂಡು ಮನೆಗೆ ಹೋಗುತ್ತಾರೆ.

ಈ ವರ್ಷವೂ ಮೊದಲ ಸುತ್ತುಗಳು ಮುಗಿದು ನಾವಿಬ್ಬರೇ ಉಳಿದಿದ್ದೆವು. ಕೊನೆಯ ಆಟಕ್ಕೆ ಎಂಟು ದಿನ ಇರುವಾಗ ಅವರ ಹೆಂಡತಿ ಶಾಂತವ್ವ ಖಾನಾವಳಿಗೆ ಬಂದರು. ಮಧ್ಯಾಹ್ನದ ಪಂಕ್ತಿ ಎದ್ದು ಹೋಗಿತ್ತು. ಕೂಡಿರಿ ಎಂದರೂ ಕೂಡಲಿಲ್ಲ. ಸೆರಗಿನೊಳಗಿಂದ ಮಾಸ್ತರರ ಒಂದು ಅಂಗಿ ತೆಗೆದು ನನ್ನ ಮುಂದೆ ಹಾಸಿದರು. ಅದರ ಎರಡೂ ಬದಿಗೆ ಹೊಲಿಗೆ ಹಾಕಿ ಒಳಗೆ ಹಿಡಿದಿತ್ತು. ಹಳೆಯ ಹೊಲಿಗೆಯ ಒಳಗಡೆ ಇನ್ನೊಂದು ಹೊಸ ಹೊಲಿಗೆ ಇತ್ತು.

"ಎರಡ ಸಲ ಹಿಡಿಸೀನಿ, ನೀಲಾ. ಈಗ ಮತ್ತ ಸಡ್ಲ ಆಗೇತಿ" ಎಂದರು. "ತಾಟಿನ ಮುಂದ ಕುಂತು ಗ್ವಾಡಿ ನೋಡತಾರ. ಎರಡ ತುತ್ತಿಗೆ ಸಾಕ ಅಂತಾರ. ಡಾಕ್ಟರು ಹೊಟ್ಟ್ಯಾಗ ಏನೂ ಜಡ್ಡಿಲ್ಲ, ಹಸಿವ ಹೊಂಟ ಹೋಗೇತಿ ಅಂದ್ರು. ಇನ್ನೊಂದ ವರ್ಷ ಹಿಂಗ ಆತಂದ್ರ ಮನಿಶ್ಯಾ ಉಳಿಯೂದಿಲ್ಲ ಅಂತ ನನ್ನ ಒಬ್ಬಾಕಿನ್ನ ಕರದು ಹೇಳ್ಯಾರ."

"ಈ ಸಲ ಆಡಬ್ಯಾಡ್ರಿ ಅನ್ರಿ ಅಕ್ಕಾ ಅವರಿಗೆ."

"ಅಂದ್ನಿ. ಮಣಿ ಬಿಟ್ಟ ಬಾಳೇ ಮಾಡೂದಾದ್ರ ನಾಲಿಗಿ ತಗೊಂಡ ಏನ್ ಮಾಡ್ಲಿ ಅಂದ್ರು. ನಿನ್ನ ಕೈಮುಗೀತೀನಿ. ನೀನ ಸೋತ ಬಿಡು, ತಂಗಿ."

ನನ್ನ ನಾಲಿಗೆ ಹೋದರೆ ಖಾನಾವಳಿಯೂ ಹೋದಂತೆಯೇ. ರುಚಿ ನೋಡಲು ಬಾರದವಳ ಕೈಯ ಪುಂಡಿಪಲ್ಲೆಯನ್ನು ಯಾರು ತಿನ್ನುತ್ತಾರೆ? ಆದರೂ ಆ ಅಂಗಿ ನೋಡಿದ ಮೇಲೆ ನಾನು ಆ ಲೆಕ್ಕ ಹಿಡಿದು ಕೂಡುತ್ತಿರಲಿಲ್ಲ. ತೊಡಕು ಬೇರೆಯದಿತ್ತು. ಬೇಕೆಂದೇ ಸೋತರೆ ಇಬ್ಬರ ನಾಲಿಗೆಯೂ ಹೋಗುತ್ತದೆ. ಕುಂಬಾರ ಓಣಿಯ ಇಬ್ಬರು ಷಡ್ಡಕರು ಒಮ್ಮೆ ಒಳಗೊಳಗೇ ಮಾತಾಡಿಕೊಂಡು ಆಡಿದ್ದರು. ಮೂರು ವರ್ಷ ಇಬ್ಬರೂ ಮಾವನ ಮನೆಯ ಹಬ್ಬದ ಊಟವನ್ನು ಮುಖ ಸಿಂಡರಿಸಿಕೊಂಡು ನುಂಗಿದರು. ಎದುರಿನವರನ್ನು ಗೆಲ್ಲಿಸಲೆಂದು ಆಟಕ್ಕೆ ಬಾರದೆ ಮನೆಯಲ್ಲಿ ಉಳಿದರೂ ಅದೇ ಗತಿ. ಮಣೆಗೆ ಸುಳ್ಳು ತಿಳಿಯುತ್ತದೆ ಎಂದು ನಮ್ಮಲ್ಲಿ ಹೇಳುತ್ತಾರೆ.

"ಅಕ್ಕಾ, ಸೋತ್ರ ಇಬ್ಬರದೂ ಹೊಕ್ಕೈತಿ. ಗೆದ್ರ ಅವರದ ಹೊಕ್ಕೈತಿ. ಉಳಿದದ್ದ ಒಂದ, ಡ್ರಾ" ಎಂದೆ. ಕಟ್ಟೆಯ ಆಟಗಳು ಡ್ರಾ ಆದಾಗ ಇಬ್ಬರ ರುಚಿಯೂ ಉಳಿಯುವುದನ್ನು ನಾವೆಲ್ಲ ಕಂಡಿದ್ದೇವೆ.

"ಕೊನೀ ಆಟ ಎಂದಾದ್ರೂ ಡ್ರಾ ಆಗೇತೇನು?"

"ಆಗಿಲ್ಲ. ಈ ಸಲ ಆಗತೈತಿ."

ಹೇಳುವಾಗ ಧೈರ್ಯ ಬಹಳ ಇತ್ತು. ಅವರು ಅಂಗಿ ಮಡಚಿಕೊಂಡು ಹೋದ ಮೇಲೆ ಅರ್ಧ ಆಯಿತು. ಗೋಡೆಯ ಮೇಲೆ ಅರವತ್ತೊಂದು ಹೆಸರುಗಳಿವೆ, ನಡುವೆ ಒಂದು ಸಾಲೂ ಖಾಲಿ ಇಲ್ಲ. ಡ್ರಾ ಆದರೆ ಆ ವರ್ಷದ ಸಾಲಿನಲ್ಲಿ ಯಾರ ಹೆಸರೂ ಬರುವುದಿಲ್ಲ. ಅದಕ್ಕಾಗಿಯೇ ಅಲ್ಲಿಯವರೆಗೆ ಬಂದ ಯಾರೂ ಡ್ರಾ ಬಯಸಿದವರಲ್ಲ. ನಾನೂ ಬಯಸಿರಲಿಲ್ಲ.

ಸಂಜೆ ದಾವಲಸಾಬರ ಗಡಿಯಾರದ ಅಂಗಡಿಗೆ ಹೋದೆ. ಮೂವತ್ತು ವರ್ಷದಿಂದ ಕೊನೆಯ ಆಟಕ್ಕೆ ಅವರೇ ಪಂಚರು. ಕಣ್ಣಿಗೆ ಭೂತಗನ್ನಡಿ ಸಿಗಿಸಿಕೊಂಡು ಒಂದು ಗಡಿಯಾರದ ಹೊಟ್ಟೆಯೊಳಗೆ ನೋಡುತ್ತಿದ್ದರು. ಡ್ರಾ ಮಾಡಬೇಕೆಂದು ಆಡುವುದು ಸುಳ್ಳು ಆಟವಾಗುತ್ತದೆಯೇ ಎಂದು ಕೇಳಿದೆ.

"ಚೊಲೋ ನಡಿ ಕಣ್ಣಿಗೆ ಬಿದ್ದೂ ಅದನ್ನ ಬಿಟ್ಟಿ ಅಂದ್ರ ಅದು ಕಳ್ಳಾಟ, ಬೇಟಿ" ಎಂದರು ತಲೆ ಎತ್ತದೆ. "ಕಂಡಿದ್ದ ಚೊಲೋ ನಡಿ ಎಲ್ಲಾ ಆಡಿದ ಮ್ಯಾಲೂ ಡ್ರಾ ಆತಂದ್ರ ಅದು ಆಟ. ನಿನ್ನ ಮನಸಿನ್ಯಾಗ ಏನೈತಿ ಅನ್ನೂದು ಮಣಿಗೆ ಬೇಕಾಗಿಲ್ಲ. ನಿನ್ನ ಕಣ್ಣು ಏನ್ ಕಂಡೈತಿ, ಕೈ ಏನ್ ಮಾಡೈತಿ, ಅಷ್ಟ."

ಎಂಟು ದಿನ ನಾನು ರೊಟ್ಟಿ ಬಡಿಯುತ್ತ ಒಂದೇ ಉಪಾಯ ಅರೆದೆ. ಆನೆಗೆ ಆನೆ, ಕುದುರೆಗೆ ಕುದುರೆ, ಮಂತ್ರಿಗೆ ಮಂತ್ರಿ. ಸರಿಸಮ ಕೊಟ್ಟು ಸರಿಸಮ ತೆಗೆದುಕೊಳ್ಳುತ್ತ ಹೋಗುವುದು. ಕಾಯಿ ಕಡಿಮೆಯಾದಷ್ಟೂ ಜಗಳ ಕಡಿಮೆ. ಕೊಟ್ಟು ತಗೊಳ್ಳುವುದರಲ್ಲಿ ಸುಳ್ಳೇನೂ ಇಲ್ಲ. "ಕೊಟ್ಟು ತಗೋ" ಎಂದು ಪ್ರತಿ ರೊಟ್ಟಿಗೂ ಒಮ್ಮೆ ಹೇಳಿಕೊಳ್ಳುತ್ತಿದ್ದೆ. ಕೊನೆಕೊನೆಗೆ ಕೈಯೇ ಅದನ್ನು ಬಾಯಿಪಾಠ ಮಾಡಿತು.

ಆಟದ ದಿನ ಬೆಳಿಗ್ಗೆ ಖಾನಾವಳಿಯ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಮಾಸ್ತರರು ಕೂತಿದ್ದರು. ಎಂದೂ ಬಂದವರಲ್ಲ.

"ರುಚಿ ಬಂದೈತಿ. ಪುಂಡಿಪಲ್ಲೆ ಐತೇನು?" ಎಂದರು.

ಬಿಸಿ ರೊಟ್ಟಿಯ ಮೇಲೆ ಪುಂಡಿಪಲ್ಲೆ, ಪಕ್ಕಕ್ಕೆ ಶೇಂಗಾ ಹಿಂಡಿ, ಒಂದು ಈರುಳ್ಳಿ ಇಟ್ಟುಕೊಟ್ಟೆ. ಮೊದಲ ತುತ್ತಿಗೆ ಕಣ್ಣು ಮುಚ್ಚಿದರು. ಪುಂಡಿಯ ಹುಳಿಗೆ ಕೆನ್ನೆ ಒಳಕ್ಕೆ ಹೋಯಿತು. ಅವರ ಕೆನ್ನೆ ಮೊದಲೇ ಎಷ್ಟು ಒಳಕ್ಕೆ ಹೋಗಿದೆ ಎಂಬುದು ಆಗ ಕಂಡಿತು. ಅರ್ಧ ರೊಟ್ಟಿಗೆ ಕೈ ನಿಂತಿತು. ಇನ್ನೂ ತಿನ್ನುವ ಆಸೆ ಮುಖದ ಮೇಲಿತ್ತು, ಹೊಟ್ಟೆಯೊಳಗೆ ಜಾಗವೇ ಇರಲಿಲ್ಲ. ಉಳಿದ ಅರ್ಧವನ್ನು ಮಡಚಿ ತಾಟಿನ ಅಂಚಿಗೆ ಇಟ್ಟರು.

"ಉಪ್ಪು ಸರಿ ಐತಿ" ಎಂದು ಕೊನೆಗೆ ಹೇಳಿದರು. ಕೈ ತೊಳೆದು ಬಂದು, "ಶಾಂತಿ ನಿನ್ನ ಕಡೆ ಬಂದಿದ್ಲು ಅಂತ ಗೊತ್ತೈತಿ. ಕೈ ಹಿಡದು ಆಡಬ್ಯಾಡ. ನಾ ನಿನ್ನ ಸೋಲಸಾಕ ಬರಾಕತ್ತೀನಿ, ಭಿಕ್ಷಾ ಬೇಡಾಕಲ್ಲ" ಎಂದರು.

"ನಾ ಎಂದಾದ್ರೂ ಕೈ ಹಿಡದೀನೇನ್ರಿ ಮಾಸ್ತರ?"

"ಇಲ್ಲ. ಅದಕ್ಕ ನಿನ್ನ ಕೂಡ ಆಡತೀನಿ."

ಚಾವಡಿ ತುಂಬಿತ್ತು. ನನಗೆ ಬಿಳಿ ಕಾಯಿ ಬಂದವು. ದಾವಲಸಾಬರು ಗಡಿಯಾರ ಒತ್ತಿದರು. ನಾನು ನಾಲ್ಕನೆಯ ನಡೆಗೇ ಕಾಲಾಳಿಗೆ ಕಾಲಾಳು ಕೊಟ್ಟು ತಗೊಂಡೆ. ಕುದುರೆಗೆ ಕುದುರೆ ಮುಂದಿಟ್ಟೆ. ಮಾಸ್ತರರು ಮುಟ್ಟಲಿಲ್ಲ, ತಮ್ಮ ಕುದುರೆಯನ್ನು ಪಕ್ಕಕ್ಕೆ ಜಿಗಿಸಿದರು. ಮಂತ್ರಿಗೆ ಮಂತ್ರಿ ಮುಂದಿಟ್ಟೆ. ಅದನ್ನೂ ತಪ್ಪಿಸಿದರು. ಎಂಟು ದಿನ ಅರೆದ ಉಪಾಯ ಅವರಿಗೆ ಹತ್ತು ನಿಮಿಷದಲ್ಲಿ ತಿಳಿದುಹೋಯಿತು. ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದ ನೋಟ, ಲೆಕ್ಕದ ಪಾಟಿಯ ಮೇಲೆ ಉತ್ತರ ನಕಲು ಮಾಡಿದಾಗ ನೋಡುತ್ತಿದ್ದ ನೋಟವೇ.

ಆಮೇಲೆ ಅವರು ದಂಡೆತ್ತಿ ಬಂದರು. ನನ್ನ ರಾಜನ ಮುಂದಿನ ಕಾಲಾಳಿಗೆ ತಮ್ಮ ಒಂಟೆಯನ್ನೇ ಬಲಿ ಕೊಟ್ಟರು. ಚಾವಡಿಯಲ್ಲಿ ಗುಜುಗುಜು ಎದ್ದಿತು. ಒಂದೂವರೆ ತಾಸು ನನ್ನ ರಾಜ ಓಡಿದ ಓಟ ನನಗೇ ಗೊತ್ತು. ಅಂಥ ಆಟ ಅವರು ನಾಲ್ಕು ವರ್ಷದಲ್ಲಿ ಆಡಿರಲಿಲ್ಲ. ಆದರೆ ಆ ಬಲಿ ಒಂದು ನಡೆ ಮುಂಚಿತವಾಗಿತ್ತು. ನನ್ನ ಕಣ್ಣಿಗೆ ತಪ್ಪಿಸಿಕೊಳ್ಳುವ ದಾರಿ ಬಿತ್ತು. ಬೀಳದಿದ್ದರೆ ಚೆನ್ನಾಗಿತ್ತು ಎನಿಸಿತು. ಬಿದ್ದ ಮೇಲೆ ಆಡಲೇಬೇಕು. ಮಂತ್ರಿಯನ್ನು ಅಡ್ಡ ತಂದೆ. ಅವರ ದಾಳಿ ಅಲ್ಲಿಗೆ ನಿಂತಿತು, ಒಂದು ಒಂಟೆ ನನ್ನ ಬಳಿ ಹೆಚ್ಚಾಗಿ ಉಳಿಯಿತು.

ಅಂದಿನ ಕಷ್ಟ ಯಾರಿಗೆ ಹೇಳಲಿ. ಡ್ರಾ ಬೇಕೆಂದು ಬಂದವಳು ಗೆಲ್ಲುತ್ತಿದ್ದೆ. ಅವರು ಗೆಲ್ಲಬೇಕೆಂಬ ಹಟದಲ್ಲಿ ತಾವೇ ಹಳ್ಳಕ್ಕೆ ಬಿದ್ದಿದ್ದರು, ನಾನು ಮೇಲೆ ಮಣ್ಣು ಎಳೆಯುತ್ತಿದ್ದೆ. ಪ್ರತಿ ಸಲವೂ ಒಳ್ಳೆಯ ನಡೆ ಕಣ್ಣಿಗೆ ಬೀಳುತ್ತಿತ್ತು, ಪ್ರತಿ ಸಲವೂ ಆಡುತ್ತಿದ್ದೆ. ಹೆಂಗಸರ ಸಾಲಿನಲ್ಲಿ ಶಾಂತವ್ವ ಕೂತಿದ್ದರು. ಅವರಿಗೆ ಆಟ ಬರುವುದಿಲ್ಲ, ಆದರೆ ಜನರ ಮುಖ ಓದಲು ಬರುತ್ತದೆ. ಮೂರು ಗಂಟೆಯ ಹೊತ್ತಿಗೆ ಅವರು ಮಣೆ ನೋಡುವುದನ್ನು ಬಿಟ್ಟು ನೆಲ ನೋಡತೊಡಗಿದರು. ಒಂದು ಸುಳ್ಳು ನಡೆ ಆಡಿಬಿಡೋಣ, ಇಬ್ಬರದೂ ಹೋಗಲಿ, ಅವರ ಜೊತೆ ನಾನೂ ಗೋಡೆ ನೋಡುತ್ತ ಉಣ್ಣುತ್ತೇನೆ ಎಂದೂ ಅನ್ನಿಸಿತು. ಅದರಿಂದ ಮಾಸ್ತರರ ಅಂಗಿ ಬಿಗಿಯಾಗುವುದಿಲ್ಲ. ಹಲ್ಲು ಕಚ್ಚಿಕೊಂಡು ಆಡಿದೆ.

ನಾಲ್ಕೂವರೆಗೆ ಮಣೆಯ ಮೇಲೆ ಉಳಿದದ್ದು ಇಷ್ಟು. ನನಗೆ ಒಂದು ಆನೆ, ಕರಿಮನೆಗಳಲ್ಲಿ ನಡೆಯುವ ಒಂದು ಒಂಟೆ, ಎಡಗಡೆಯ ಅಂಚಿನಲ್ಲಿ ಒಂದೇ ಕಾಲಾಳು. ಅವರಿಗೆ ಒಂದು ಆನೆ. ಅವರ ರಾಜ ನನ್ನ ಕಾಲಾಳಿನ ದಾರಿಯ ಹತ್ತಿರದಲ್ಲೇ ಇದ್ದ. ಕಾಲಾಳು ತುದಿ ಮುಟ್ಟಿದರೆ ಮಂತ್ರಿಯಾಗುತ್ತದೆ, ಆಟ ಮುಗಿಯುತ್ತದೆ. ಜನ ಎದ್ದು ಧೋತರ ಕೊಡವಿಕೊಳ್ಳತೊಡಗಿದ್ದರು. ಆಗ ಮಾಸ್ತರರು ತಮ್ಮ ಆನೆಯನ್ನು ತಂದು ನನ್ನ ಆನೆಯ ಎದುರಿಗೆ ಇಟ್ಟರು.

ಬೆಳಗಿನಿಂದ ಅವರು ನನ್ನ ಕೈಗೆ ಕೊಡದೆ ಸತಾಯಿಸಿದ್ದು ಅದೇ. ಆನೆಗೆ ಆನೆ. ಕೊಟ್ಟು ತಗೋ. ಎಂಟು ದಿನದ ರೊಟ್ಟಿಯ ಪಾಠ ಕೈಯೊಳಗೆ ಕೂತಿತ್ತಲ್ಲ, ತಲೆಯನ್ನು ಕೇಳದೆ ಕೈ ಹೋಯಿತು. ಅವರ ಆನೆ ತೆಗೆದು ಗಡಿಯಾರ ಒತ್ತಿದೆ, ಅವರ ರಾಜ ನನ್ನ ಆನೆ ತೆಗೆದ. ಆಮೇಲೆ ಮಣೆ ನೋಡಿದೆ. ನನ್ನ ಕಾಲಾಳು ಹೋಗಿ ಮುಟ್ಟಬೇಕಾದ ಮೂಲೆ ಬಿಳಿಮನೆ. ನನ್ನ ಒಂಟೆ ಕರಿಮನೆಯದು. ಜನ್ಮದಲ್ಲಿ ಅದು ಬಿಳಿಮನೆಯ ಮೇಲೆ ಕಾಲಿಡುವುದಿಲ್ಲ. ಅವರ ರಾಜ ಆ ಮೂಲೆಯೊಳಗೆ ಹೋಗಿ ಕೂತನೆಂದರೆ ಅವನನ್ನು ಎಬ್ಬಿಸುವ ಶಕ್ತಿ ನನ್ನ ಬಳಿ ಯಾವುದೂ ಇಲ್ಲ, ಅಲ್ಲಿಗೆ ಆಟ ಡ್ರಾ.

ನಾನು ಹತ್ತು ವರ್ಷದವಳಿದ್ದಾಗ ಇದನ್ನು ಕಲಿಸಿದವರು ಅವರೇ. ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಮಣೆ ಬರೆದು, "ಒಂಟೀ ಬಣ್ಣ ನೋಡಿ ಆನಿ ಕೊಡಬೇಕು, ಮರಿಬ್ಯಾಡ" ಎಂದಿದ್ದರು. ಮರೆತಿದ್ದೆ. ಅಥವಾ ಮರೆಯಬೇಕೆಂದೇ ಮರೆತೆನೋ. ಕೈ ಹೋಗುವ ಮೊದಲು ನನ್ನ ಕಣ್ಣಿಗೆ ಆ ಬಿಳಿಮನೆ ಕಂಡಿತ್ತೆ? ಕಂಡಿದ್ದರೆ ಅದು ಕಳ್ಳಾಟ, ಇಬ್ಬರ ನಾಲಿಗೆಯೂ ಹೋಯಿತು. ಕಂಡಿರಲಿಲ್ಲ ಎಂದು ಆಣೆ ಮಾಡಿ ಹೇಳಬಲ್ಲೆನೆ? ಎಂಟು ದಿನದಿಂದ ಡ್ರಾ ಡ್ರಾ ಎಂದು ಜಪಿಸಿದ ಹೆಂಗಸು ನಾನು. ನನ್ನ ಮನಸ್ಸಿನೊಳಗೆ ಕೈ ಹಾಕಿ ಹುಡುಕಿದೆ, ಏನೂ ಸಿಗಲಿಲ್ಲ.

ಮಾಸ್ತರರು ರಾಜನನ್ನು ಒಂದೊಂದೇ ಮನೆ ಸರಿಸುತ್ತ ಮೂಲೆಗೆ ತಂದು ಕೂಡಿಸಿದರು. ಆಗಲೂ ನಾನು ಬಿಡಲಿಲ್ಲ. ಉಳಿದ ಆಟದಲ್ಲಿಯಾದರೂ ಎಳ್ಳಷ್ಟು ಸುಳ್ಳಿರಬಾರದು ಎಂದು ಒಂಟೆಯನ್ನು ಆ ಕಡೆಯಿಂದ ತಂದೆ, ಈ ಕಡೆಯಿಂದ ತಂದೆ, ರಾಜನನ್ನು ಸುತ್ತು ಹೊಡೆಸಿದೆ, ಅವರನ್ನು ಹೊರಗೆಳೆಯಲು ನನಗೆ ಗೊತ್ತಿದ್ದ ಬೆದರಿಕೆಯನ್ನೆಲ್ಲ ಹಾಕಿದೆ. ಅವರು ಮೂಲೆಯಿಂದ ಪಕ್ಕದ ಮನೆಗೆ, ಪಕ್ಕದ ಮನೆಯಿಂದ ಮೂಲೆಗೆ, ಅಷ್ಟೇ. ನಲವತ್ತು ನಡೆ ಹೀಗೆ ಆಯಿತು. ಕೊನೆಗೆ ಕಾಲಾಳನ್ನು ಮುಂದೆ ತಳ್ಳಿದೆ. ಅವರ ರಾಜನಿಗೆ ಚೆಕ್ ಇರಲಿಲ್ಲ, ಕಾಲಿಡಲು ಒಂದು ಮನೆಯೂ ಇರಲಿಲ್ಲ.

ದಾವಲಸಾಬರು ಬಗ್ಗಿ ಮಣೆ ನೋಡಿದರು, ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದರು. "ಡ್ರಾ" ಎಂದು ಗಡಿಯಾರ ನಿಲ್ಲಿಸಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ, ತಟ್ಟಬೇಕೋ ಬಿಡಬೇಕೋ ಎಂದು ಯಾರಿಗೂ ತಿಳಿಯಲಿಲ್ಲ. ಗೋಡೆಯ ಮೇಲೆ ಹೆಸರು ಬರೆಯುವ ಪೇಂಟರು ಕುಂಚ ಹಿಡಿದುಕೊಂಡು ನಿಂತೇ ಇದ್ದರು.

"ನೀಲಾ, ಆ ಆನಿ ಯಾಕ ತಗೊಂಡಿ?" ಎಂದು ಮಾಸ್ತರರು ಬಹಳ ಮೆಲ್ಲಗೆ ಕೇಳಿದರು.

"ನನಗ ಗೊತ್ತಿಲ್ಲರಿ ಮಾಸ್ತರ" ಎಂದೆ. ಅದಕ್ಕಿಂತ ನಿಜವಾದ ಮಾತು ನನ್ನ ಬಳಿ ಇರಲಿಲ್ಲ.

ಆಟ ಮುಗಿದ ಮೇಲಿನ ಮೊದಲ ತುತ್ತಿನಲ್ಲಿ ಗೊತ್ತಾಗುತ್ತದೆ, ಅದು ಊರಿಗೆಲ್ಲ ತಿಳಿದ ಮಾತು. ನಮ್ಮ ಹಿಂದೆಯೇ ಚಾವಡಿಯ ಅರ್ಧ ಜನ ಖಾನಾವಳಿಗೆ ಬಂದರು. ಯಾರೋ ಬೆಲ್ಲದ ಚೂರು ತಂದು ಬಾಯಿಗೆ ಹಾಕಿಕೊಳ್ಳಿರಿ ಎಂದರು. ಮಾಸ್ತರರು ಬೇಡವೆಂದರು. "ಮುಂಜಾನೆ ಅರ್ಧ ರೊಟ್ಟಿ ಬಿಟ್ಟ ಹೋಗೀನಿ. ಅದನ್ನ ತಿಂತೀನಿ" ಎಂದು ಹೋಗಿ ತಮ್ಮ ಜಾಗದಲ್ಲಿ ಕೂತರು. ಶಾಂತವ್ವ ಅವರ ಹಿಂದೆ ಗೋಡೆಗೆ ಒರಗಿ ನಿಂತರು.

ತಂಗಳು ಕೊಡಲು ನನಗೆ ಮನಸ್ಸು ಬರಲಿಲ್ಲ. ಹೊಸದಾಗಿ ಪುಂಡಿ ಬೇಯಿಸಲು ಇಟ್ಟೆ. ನುಚ್ಚು ಹಾಕಿದೆ, ಹಸಿಮೆಣಸಿನಕಾಯಿ ಜಜ್ಜಿ ಹಾಕಿದೆ, ಬಳ್ಳೊಳ್ಳಿ ಒಗ್ಗರಣೆ ಕೊಟ್ಟೆ. ಉಪ್ಪಿನ ಡಬ್ಬಿಗೆ ಕೈ ಹಾಕಿದಾಗ, ಈಗಾಗಲೇ ಹಾಕಿದೆನೋ ಇಲ್ಲವೋ ಎಂಬುದು ನೆನಪಾಗಲಿಲ್ಲ. ಬೇರೆ ದಿನವಾಗಿದ್ದರೆ ಬೆರಳ ತುದಿಯಲ್ಲಿ ತೆಗೆದು ನೆಕ್ಕಿ ನೋಡುತ್ತಿದ್ದೆ. ಆ ದಿನ ಬೆರಳು ಬಾಯಿಯವರೆಗೆ ಬರಲಿಲ್ಲ, ಅಷ್ಟು ಅಂಜಿಕೆ. ಹಾಕಿರಲಿಕ್ಕಿಲ್ಲ ಎಂದು ಒಂದು ಹಿಡಿ ಹಾಕಿ ತಿರುವಿದೆ. ಇಪ್ಪತ್ತು ವರ್ಷದಲ್ಲಿ ರುಚಿ ನೋಡದೆ ಬಡಿಸಿದ್ದು ಅದೊಂದೇ ಸಲ.

ತಾಟು ಅವರ ಮುಂದಿಟ್ಟು ನಾನೂ ಎದುರಿಗೆ ಕೂತೆ, ಮಣೆಯ ಮುಂದೆ ಕೂತಂತೆಯೇ. ಮಾಸ್ತರರು ರೊಟ್ಟಿ ಮುರಿದರು, ಪಲ್ಲೆ ಹಚ್ಚಿದರು, ಬಾಯಿಗಿಟ್ಟರು. ಒಮ್ಮೆ ಅಗಿದರು. ಬಾಯಿ ನಿಂತಿತು. ಮುಖದ ಮೇಲೆ ಏನೂ ಕಾಣಲಿಲ್ಲ. ಇನ್ನೊಮ್ಮೆ ಅಗಿದರು. ಹಿಂದೆ ಶಾಂತವ್ವ ಬಾಯಿಗೆ ಸೆರಗು ಒತ್ತಿಕೊಂಡರು.

"ಹತ್ತ ವರ್ಷದ ಹುಡಿಗಿ ಮಾಡೂ ತಪ್ಪ ಮಾಡಿದಿ ಇವತ್ತ" ಎಂದರು ಮಾಸ್ತರರು.

"ಹೌದ್ರಿ."

"ಒಂಟೀ ಬಣ್ಣ ನೋಡಲಿಲ್ಲ. ಇದಕ್ಕ ಎರಡ ಸಲ ಉಪ್ಪು ಹಾಕೀದಿ."

ನಾನು ಅವರ ತಾಟಿನಿಂದಲೇ ಒಂದು ಬೆರಳು ಪಲ್ಲೆ ತೆಗೆದು ಬಾಯಿಗೆ ಇಟ್ಟುಕೊಂಡೆ. ಉಪ್ಪೆಂದರೆ ಉಪ್ಪು, ಕಣ್ಣಲ್ಲಿ ನೀರು ಬರುವಷ್ಟು ಉಪ್ಪು. ಕಂಡೂ ಕಾಣದಂತೆ ಮಾಡಿರಲಿಲ್ಲ ನಾನು, ನಿಜವಾಗಿಯೂ ಕಂಡಿರಲಿಲ್ಲ. ನಾಲ್ಕು ವರ್ಷ ಗೆದ್ದವಳು ಊರೆಲ್ಲ ನೋಡುತ್ತಿರುವಾಗ ಶಾಲೆಯ ಹುಡುಗಿಯ ಹಾಗೆ ತಪ್ಪಿದ್ದೆ. ಅಂಥ ಅವಮಾನ ನನಗೆ ಹಿಂದೆ ಆಗಿರಲಿಲ್ಲ, ಅಂಥ ಸಂತೋಷವೂ ಆಗಿರಲಿಲ್ಲ. ಬೇರೆ ಮಾಡಿಕೊಡುತ್ತೇನೆ ಎಂದು ತಾಟಿಗೆ ಕೈ ಹಾಕಿದೆ.

ಮಾಸ್ತರರು ತಾಟನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಇರ್ಲಿ ಬಿಡು" ಎಂದರು. "ಇನ್ನೊಂದ ರೊಟ್ಟಿ ಹಾಕು."